ನೂರಕ್ಕೆ ನಾಲ್ಕು ಕೊಸರು

ಸಂಗನಬಸಪ್ಪನವರ ಹೆಸರು ನಾನು ಮೊದಲು ಕೇಳಿದ್ದು ದೀಪುವಿನ ಎಡಗಾಲಿನ ಶೂ ರಸ್ತೆಯ ನಡುವೆ ಉಳಿದುಹೋದ ದಿನ.

ಏಪ್ರಿಲ್ ತಿಂಗಳು. ನಾನು ಮೈಸೂರಿನಿಂದ ಬಂದು ಒಂದು ತಿಂಗಳಾಗಿತ್ತು. ಮಗಳು ಛಾಯಾಳ ಮನೆ ಇರುವುದು ನೇಪರ್‌ವಿಲ್‌ನಿಂದ ಇನ್ನೂ ಆರು ಮೈಲಿ ಆಚೆ, ಒಂದು ಸಣ್ಣ ಊರಿನ ಅಂಚಿನಲ್ಲಿ. ಊರಿನ ಹೆಸರು ಬರೆಯಬೇಡ ಎಂದು ಹೇಳಿದ್ದಾಳೆ, ಬರೆಯುವುದಿಲ್ಲ. ಅಳಿಯ ನಿರಂಜನನಿಗೆ ಹಳೆಯ ಕೆಲಸ ಹೋಗಿ ಹೊಸದು ಸಿಕ್ಕಿದ್ದು ಮಿಷಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ. ಭಾನುವಾರ ಸಂಜೆ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದರೆ ಶುಕ್ರವಾರ ವಾಪಸು. ಛಾಯಾ ಬೆಳಿಗ್ಗೆ ಆರೂವರೆಗೆ ರೈಲಿಗೆ ಹೊರಡುತ್ತಾಳೆ. ಎರಡನೆಯ ಕ್ಲಾಸಿನ ಮೊಮ್ಮಗಳು ದೀಪುವನ್ನು ಸ್ಕೂಲಿಗೆ ಬಿಡುವವರಿಲ್ಲ. ಅದಕ್ಕೇ ನನ್ನನ್ನು ಕರೆಸಿಕೊಂಡಿದ್ದು.

ಸ್ಕೂಲು ಅರ್ಧ ಮೈಲಿಯೂ ಇಲ್ಲ. ಒಂದೂವರೆ ಮೈಲಿಯೊಳಗಿನ ಮಕ್ಕಳಿಗೆ ಇಲ್ಲಿ ಬಸ್ಸು ಕೊಡುವುದಿಲ್ಲ. ನಡೆದರೆ ಹತ್ತು ನಿಮಿಷ. ಆದರೆ ನಮ್ಮ ಮನೆಗಳ ಸಾಲಿಗೂ ಸ್ಕೂಲಿಗೂ ನಡುವೆ ಒಂದು ರಸ್ತೆಯಿದೆ. ಒಂದು ಕಾಲಕ್ಕೆ ಅದು ಮುಸುಕಿನ ಜೋಳದ ಹೊಲಗಳ ನಡುವೆ ಹೋಗುವ ದಾರಿಯಾಗಿತ್ತಂತೆ. ಎದುರುಬದುರಾಗಿ ಎರಡು ವಾಹನ ಹೋಗುವಷ್ಟು ಅಗಲ. ಅಂಚಿನಲ್ಲಿ ಕಾಲಿಡಲು ಗೇಣು ಜಾಗವಿಲ್ಲ, ದಾಟುವಲ್ಲಿ ಬಿಳಿ ಪಟ್ಟೆಯಿಲ್ಲ, ಸಿಗ್ನಲ್ ಇಲ್ಲ. ಎಡಗಡೆ ಒಂದು ತಿರುವು. ತಿರುವಿನ ಆಚೆ ಹೊಲ ಕೊಂಡವರು ಇನ್ನೂರ ನಲವತ್ತು ಮನೆ ಕಟ್ಟುವುದಕ್ಕೆ ನೆಲ ಅಗೆಯುತ್ತಿದ್ದರು. ಬೆಳಕು ಹರಿಯುವಷ್ಟರಲ್ಲಿ ಜಲ್ಲಿ ತುಂಬಿದ ಟಿಪ್ಪರುಗಳ ಓಡಾಟ ಶುರುವಾಗುತ್ತಿತ್ತು.

ಆ ದಿನ ಎರಡೂ ಕಡೆ ನೋಡಿಯೇ ಕಾಲಿಟ್ಟೆ. ಏನೂ ಇರಲಿಲ್ಲ. ನಡುವಿಗೆ ಬಂದಾಗ ತಿರುವಿನಿಂದ ಟಿಪ್ಪರು ಬಂತು. ಅದರ ಸದ್ದು ಮೊದಲು ನನ್ನ ಅಂಗಾಲಿಗೆ ತಿಳಿಯಿತು, ಆಮೇಲೆ ಕಿವಿಗೆ. ದೀಪುವಿನ ಕೈಯನ್ನು ಹೇಗೆ ಎಳೆದೆನೋ ಗೊತ್ತಿಲ್ಲ, ಆಚೆ ಬದಿಯ ಹುಲ್ಲಿನ ಮೇಲೆ ಇಬ್ಬರೂ ಬಿದ್ದಿದ್ದೆವು. ಟಿಪ್ಪರು ನಿಲ್ಲಲಿಲ್ಲ. ಅದು ಹೋದ ಮೇಲೆ ನೋಡಿದರೆ ಮಗುವಿನ ಶೂ ರಸ್ತೆಯ ನಟ್ಟನಡುವೆ ನೆಟ್ಟಗೆ ನಿಂತಿತ್ತು. ಕಾಲಿಟ್ಟಾಗ ಹತ್ತುವ ಗುಲಾಬಿ ದೀಪ ಅದರ ಹಿಮ್ಮಡಿಯಲ್ಲಿ ಇನ್ನೂ ಮಿನುಗುತ್ತಿತ್ತು. ಎರಡು ಚಕ್ರಗಳ ನಡುವೆ ಉಳಿದಿತ್ತು ಅದು.

ದೀಪು ಅಳಲಿಲ್ಲ. "ಅಜ್ಜಿ, ಯು ಹರ್ಟ್ ಮೈ ಹ್ಯಾಂಡ್" ಎಂದಳು, ಅಷ್ಟೇ.

ಸಂಜೆ ಛಾಯಾಳಿಗೆ ಹೇಳಿದೆ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎಡಗಾಲನ್ನು ಸವರಿದಳು. ಆಮೇಲೆ, "ಹಿಂದಿನ ಬೀದೀಲಿ ಸಂಗನಬಸಪ್ಪ ಅಂಕಲ್ ಅಂತ ಇದಾರಮ್ಮ. ಊರಿನ ರಸ್ತೆ ಕಮಿಟೀಲಿದಾರೆ. ಅವರಿಗೆ ಫೋನ್ ಮಾಡ್ತೀನಿ" ಎಂದಳು.

ಮಾರನೆಯ ಬೆಳಿಗ್ಗೆ ಏಳೂಮುಕ್ಕಾಲಿಗೆ ಅವರು ರಸ್ತೆಯ ಬದಿಯಲ್ಲಿ ನಿಂತಿದ್ದರು. ಎಪ್ಪತ್ತನಾಲ್ಕು ವರ್ಷ, ಎತ್ತರದ ಆಳು, ಕುತ್ತಿಗೆ ಸ್ವಲ್ಪ ಮುಂದಕ್ಕೆ. ತಲೆಗೆ ಉಣ್ಣೆ ಟೊಪ್ಪಿ, ಕೋಟಿನೊಳಗೆ ಲಿಂಗದ ದಾರ ಕಾಣುತ್ತಿತ್ತು. ನಮಸ್ಕಾರ ಮಾಡಿದವರು ನನ್ನ ಮುಖ ನೋಡಲಿಲ್ಲ, ಕೈಗಡಿಯಾರ ನೋಡಿದರು. ನಾವು ಮೂವರೂ ನನ್ನ ಹೆಜ್ಜೆಯಲ್ಲೇ ದಾಟಿದೆವು. ವಾಪಸು ದಾಟಿದೆವು. ಆಮೇಲೆ ತಿರುವಿನಲ್ಲಿ ಕಾಣಿಸಿಕೊಂಡ ಕಾರುಗಳು ನಮ್ಮ ಮುಂದೆ ಬರುವವರೆಗೆ ಏನೋ ಎಣಿಸಿದರು.

"ನೋಡ್ರಿ ಅಕ್ಕಾರ," ಎಂದರು, "ನಿಮಗ ದಾಟಾಕ ಹದಿನಾಕು ಸೆಕೆಂಡ್ ಬೇಕು. ತಿರುವಿನ್ಯಾಗ ಕಂಡ ಗಾಡಿ ನಿಮ್ಮ ಹತ್ರ ಬರಾಕ ಒಂಬತ್ತ. ನೀವು ನೋಡಿ ದಾಟಿದ್ರೂ ಅಷ್ಟ, ನೋಡದ ದಾಟಿದ್ರೂ ಅಷ್ಟ."

ಅಲ್ಲಿಯವರೆಗೆ ಅದು ಬರೀ ಹೆದರಿಕೆಯಾಗಿತ್ತು. ಅವರು ಅದಕ್ಕೆ ಲೆಕ್ಕ ಕೊಟ್ಟುಬಿಟ್ಟರು. ಆಮೇಲೆ ಪ್ರತಿ ದಿನ ಕಾಲಿಡುವಾಗ ನನ್ನೊಳಗೆ ಒಂದು, ಎರಡು, ಮೂರು ಎಂದು ಓಡುತ್ತಿತ್ತು. ಒಂಬತ್ತಕ್ಕೆ ಬಂದಾಗ ನಾವು ಯಾವಾಗಲೂ ನಡುವಿನಲ್ಲೇ ಇರುತ್ತಿದ್ದೆವು.

ಅವತ್ತಿನಿಂದ ಅವರು ದಿನವೂ ಬರತೊಡಗಿದರು. ನಮ್ಮ ಜೊತೆ ದಾಟಿ, ಮಗುವನ್ನು ಒಳಗೆ ಕಳಿಸಿ, ನನ್ನ ಜೊತೆ ಮರಳುತ್ತಿದ್ದರು. ದಾರಿಯಲ್ಲಿ ಕೇಳಿದ್ದು ಇಷ್ಟು. ಊರು ಬಾಗಲಕೋಟೆಯ ಹತ್ತಿರ. ಎಂಬತ್ತಮೂರರಲ್ಲಿ ಈ ದೇಶಕ್ಕೆ ಬಂದವರು. ಮೂವತ್ತೊಂದು ವರ್ಷ ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ ಒಂದು ಆಫೀಸಿನಲ್ಲಿ ಕೂತು ಮಾಡಿದ್ದು ಒಂದೇ ಕೆಲಸ: ಯಾವ ಸಿಗ್ನಲ್ಲಿನಲ್ಲಿ ಕೆಂಪು ಎಷ್ಟು ಹೊತ್ತು, ಹಸಿರು ಎಷ್ಟು ಹೊತ್ತು ಎಂದು ಗೊತ್ತುಮಾಡುವುದು. ಒಂದು ಸಲ, ವಯಸ್ಸಾದವರಿರುವ ದೊಡ್ಡ ಕಟ್ಟಡದ ಮುಂದೆ ದಾಟುವವರಿಗೆ ಹತ್ತೊಂಬತ್ತು ಸೆಕೆಂಡು ಕೊಟ್ಟಿದ್ದರು. ಪುಸ್ತಕದ ಪ್ರಕಾರ ಅಷ್ಟು ಸಾಕಿತ್ತು. ಒಬ್ಬ ಮುದುಕಿ ಇಪ್ಪತ್ತೊಂದನೆಯ ಸೆಕೆಂಡಿನಲ್ಲಿ ಇನ್ನೂ ರಸ್ತೆಯಲ್ಲಿದ್ದಳು. ಬದುಕಿದಳೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿಂದ ಮುಂದೆ ಯಾವ ಸಿಗ್ನಲ್ಲಿನ ಕಾಗದ ಬಂದರೂ ಮೊದಲು ತಾವೇ ಹೋಗಿ ಮುದುಕರ ಹೆಜ್ಜೆಯಲ್ಲಿ ದಾಟಿ ನೋಡುತ್ತಿದ್ದರಂತೆ. "ಆಫೀಸಿನ್ಯಾಗ ನನಗ ಅಜ್ಜ ಅಂತಿದ್ರು. ಆಗ ನನಗ ನಲವತ್ತು" ಎಂದು ನಕ್ಕರು. ರಿಟೈರಾದ ಮೇಲೆ ಹೆಂಡತಿ ಮಲ್ಲಮ್ಮನವರ ಜೊತೆ ಇಲ್ಲಿ ಮನೆ ಮಾಡಿದ್ದರು. ಆಕೆಗೆ ಮಂಡಿ ನೋವು, ಹೊರಗೆ ಬರುವುದು ಕಡಿಮೆ. ಆದರೆ ಗಂಡನ ಕೋಟಿನ ಜೇಬಿನಲ್ಲಿ ನನಗೂ ಒಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಕಳಿಸುತ್ತಿದ್ದರು.

ಕಮಿಟಿಯ ವಿಷಯ ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಹೊಸ ಮನೆ ಕಟ್ಟುವ ಬಿಲ್ಡರುಗಳಿಂದ ಊರಿನ ಆಡಳಿತದವರು ರಸ್ತೆಗೆಂದು ಒಂದು ಶುಲ್ಕ ತೆಗೆದುಕೊಳ್ಳುತ್ತಾರೆ, ಅದಕ್ಕೆ ಇಂಪ್ಯಾಕ್ಟ್ ಫೀ ಎನ್ನುತ್ತಾರೆ. ಆ ದುಡ್ಡಿನಲ್ಲಿ ಯಾವ ಯಾವ ರಸ್ತೆಗೆ ಏನೇನು ಮಾಡಬೇಕು ಎಂದು ಪಟ್ಟಿ ಮಾಡಿ ಸಲಹೆ ಕೊಡುವುದು ಈ ಕಮಿಟಿ. ಹನ್ನೊಂದು ಜನ. ಅವರಲ್ಲಿ ಐವರು ಬಿಲ್ಡರುಗಳ ಕಡೆಯವರು, ಜಮೀನು ಮಾರುವವರು. ಪಟ್ಟಿಯಲ್ಲಿ ನಮ್ಮ ದಾಟುವ ಜಾಗ ಸೇರಿದರೆ ಸಿಗ್ನಲ್ ಬರುತ್ತದೆ. ಸೇರದಿದ್ದರೆ ಇನ್ನು ಐದು ವರ್ಷ ಆ ಪಟ್ಟಿಯನ್ನು ತೆರೆಯುವುದಿಲ್ಲ. ಅಷ್ಟರಲ್ಲಿ ಇನ್ನೂರ ನಲವತ್ತು ಮನೆಯವರ ಕಾರುಗಳೂ ಅಲ್ಲೇ ಓಡಾಡುತ್ತವೆ.

"ಹಾಗಾದರೆ ಬಿಲ್ಡರುಗಳೇ ಮಾಡಿಸಲಿ" ಎಂದೆ.

ಅವರು ಅದನ್ನು ನನಗೆ ಮದುವೆ ಊಟದ ಹೋಲಿಕೆ ಕೊಟ್ಟು ಹೇಳಿದರು. ಬೀಗರು ತಮ್ಮ ಕಡೆಯ ಹೊಸ ಜನಕ್ಕೆ ಎಲೆ ಹಾಕಿಸಬೇಕು, ಅದು ನ್ಯಾಯ. ಆದರೆ ಅವರು ಬರುವ ಮೊದಲೇ ಪಂಕ್ತಿ ತುಂಬಿ ಜನ ನಿಂತುಕೊಂಡಿದ್ದರೆ, ಆ ನಿಂತವರ ಊಟ ಬೀಗರ ಹೊಣೆಯಲ್ಲ, ಮನೆಯವರದು. ಕಾನೂನೂ ಹಾಗೇ. ನಮ್ಮಂಥ ಜಾಗಕ್ಕೆ ಗಂಟೆಗೆ ಏಳುನೂರ ಇಪ್ಪತ್ತು ವಾಹನ ಎಂದು ಗೆರೆ ಎಳೆದಿದ್ದಾರೆ. ಈಗ ಆ ಗೆರೆಯ ಒಳಗಿದ್ದು, ಹೊಸ ಮನೆಗಳಿಂದ ಅದು ದಾಟುವುದಾದರೆ ಬಿಲ್ಡರುಗಳ ದುಡ್ಡು. ಈಗಲೇ ದಾಟಿದ್ದರೆ ಅವರಿಗೆ ಸಂಬಂಧವಿಲ್ಲ, ಊರೇ ನೋಡಿಕೊಳ್ಳಬೇಕು. ಊರಿನ ಹತ್ತಿರ ದುಡ್ಡಿಲ್ಲ.

ಆದರೆ ಊರಿನವರು ರಸ್ತೆಗೆ ಅಡ್ಡವಾಗಿ ರಬ್ಬರ್ ಕೊಳವೆ ಹಾಸಿ ಯಂತ್ರದಿಂದ ಎಣಿಸಿದಾಗ ಸಿಕ್ಕಿದ್ದು ಮುನ್ನೂರ ಹತ್ತು. ಅಷ್ಟು ಕಡಿಮೆಯಾದರೆ ಹೊಸ ಮನೆಗಳು ಬಂದರೂ ಗೆರೆ ಮುಟ್ಟುವುದಿಲ್ಲ, ಏನೂ ಮಾಡುವ ಅಗತ್ಯವೇ ಇಲ್ಲ. ಸಂಗನಬಸಪ್ಪನವರು ತಾರೀಖು ನೋಡಿದರು. ಮಾರ್ಚ್ ಕೊನೆಯ ವಾರ. ಸ್ಕೂಲಿಗೆ ರಜೆ. ಅರ್ಧ ಊರು ಫ್ಲಾರಿಡಾದಲ್ಲಿತ್ತು. ಅವರು ಜಗಳ ಮಾಡಿದರು. ಮತ್ತೆ ಯಂತ್ರ ಹಾಕಲು ಈ ವರ್ಷ ಆಗುವುದಿಲ್ಲ, ಊರಿನಲ್ಲಿ ವಾಸವಿರುವ ಯಾರಾದರೂ ಎಣಿಸಿ, ಸೆಪ್ಟೆಂಬರಿನ ಸಾರ್ವಜನಿಕ ಸಭೆಗೆ ಬಂದು ಹೌದು ನಾನೇ ಎಣಿಸಿದ್ದು ಎಂದರೆ ತೆಗೆದುಕೊಳ್ಳುತ್ತೇವೆ ಎಂದು ಊರಿನವರು ಹೇಳಿದರಂತೆ.

ಕಮಿಟಿಯವರೇ ಎಣಿಸುವಂತಿಲ್ಲ. ಬೆಳಿಗ್ಗೆ ಆ ಹೊತ್ತಿಗೆ ಮನೆಯಲ್ಲಿ ಇರುವವರು ಯಾರೂ ಇಲ್ಲ. ಅವರು ನನ್ನನ್ನು ನೋಡಿದರು.

ನನಗೆ ಎಣಿಸುವುದು ಬರುತ್ತದೆ. ನಾಲ್ಕನೆಯ ಕ್ಲಾಸು ಓದಿದವಳು, ಆದರೆ ಯಜಮಾನರು ಹೋದ ಮೇಲೆ ಇಪ್ಪತ್ತೆಂಟು ವರ್ಷ ಮೈಸೂರಿನ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಮಾರಿದ್ದೇನೆ. ನಾಲ್ಕು ನಾಲ್ಕು ಎಲೆಯಾಗಿ ಬೆರಳಲ್ಲಿ ಜಾರಿಸುತ್ತ ಹೋದರೆ, ಗಿರಾಕಿಯ ಜೊತೆ ಮಾತಾಡುತ್ತಲೇ ನೂರು ಮುಗಿಯುತ್ತದೆ. ಅವರು ತಮ್ಮ ಹಳೆಯ ಎಣಿಕೆಯ ಯಂತ್ರ ತಂದುಕೊಟ್ಟರು. ಅಂಗೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಒತ್ತುವುದು. ಅದರ ಗುಂಡಿ ಬಹಳ ಬಿಗಿ, ನನ್ನ ಹೆಬ್ಬೆರಳಿಗೆ ವಾಯು. ಬೇಡ ಎಂದೆ. ಒಣಗಿದ ಅವರೆಕಾಳು ಎಡಮುಷ್ಟಿಯಲ್ಲಿ ಹಿಡಿದು, ನಾಲ್ಕು ವಾಹನಕ್ಕೊಮ್ಮೆ ಬಲಗೈ ಬೆರಳು ಜಾರಿಸುತ್ತ, ನೂರಕ್ಕೊಂದು ಕಾಳು ಡಬ್ಬಿಗೆ ಹಾಕುತ್ತೇನೆ ಎಂದೆ.

"ಯಂತ್ರಕ್ಕಿಂತ ನಿಮ್ಮ ಕೈ ಛಲೋ ಬಿಡ್ರಿ" ಎಂದರು. ಸೋಮವಾರ, ಶುಕ್ರವಾರ ಬೇಡ, ಜನ ಸರಿಯಾಗಿ ಕೆಲಸಕ್ಕೆ ಹೋಗುವುದಿಲ್ಲ. ಮಂಗಳವಾರ, ಬುಧವಾರ, ಗುರುವಾರ.

ಮೇ ತಿಂಗಳಲ್ಲಿ ಆ ಮೂರು ದಿನ ಅವರು ಮಗುವನ್ನು ದಾಟಿಸಿದರು. ನಾನು ಬೀದಿಯ ಬಾಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಏಳೂಕಾಲರಿಂದ ಎಂಟೂಕಾಲರವರೆಗೆ ಕೂತೆ. ಒಬ್ಬ ಪೊಲೀಸಿನವನು ಕಾರು ನಿಧಾನ ಮಾಡಿ ನೋಡಿಕೊಂಡು ಹೋದಾಗ ಎಡಮುಷ್ಟಿ ಒದ್ದೆಯಾಯಿತು. ನಾನು ವಿಸಿಟರ್ ವೀಸಾದವಳು. ಮಗಳು ಅಳಿಯ ಕೆಲಸದ ವೀಸಾದವರು, ಅದೂ ಹೊಸ ಕಂಪನಿಯಲ್ಲಿ. ಎಲ್ಲೂ ಹೆಸರು ಕೊಡಬೇಡ, ಯಾರ ಕಣ್ಣಿಗೂ ಬೀಳಬೇಡ ಎಂದು ನಿರಂಜನ ವಿಮಾನ ನಿಲ್ದಾಣದಿಂದ ಬರುವಾಗಲೇ ಹೇಳಿದ್ದ. ಆದರೂ ಎಣಿಕೆ ಬಿಡಲಿಲ್ಲ. ಮೂರು ದಿನವೂ ಏಳು ಕಾಳು. ಸಂಗನಬಸಪ್ಪನವರು ಹಾಳೆಯಲ್ಲಿ ಏಳುನೂರು ಎಂದು ಬರೆದರು. ಗೆರೆಗೆ ಇಪ್ಪತ್ತು ಕಡಿಮೆ. ಅವರ ಮುಖ ಅರಳಿದ್ದನ್ನು ಅವತ್ತೇ ನೋಡಿದ್ದು. ಈಗ ಗೆರೆಯ ಒಳಗೆ, ಹೊಸ ಮನೆಗಳು ಬಂದರೆ ಖಂಡಿತ ಆಚೆ. ಸಿಗ್ನಲ್ ಬಂದ ಹಾಗೇ.

ಸೆಪ್ಟೆಂಬರಿಗೆ ನನ್ನ ಆರು ತಿಂಗಳು ಮುಗಿಯಬೇಕಿತ್ತು. ಛಾಯಾ ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡಿದ್ದಳು, ಉತ್ತರ ಬಂದಿರಲಿಲ್ಲ, ಬರುವವರೆಗೆ ಇರಬಹುದಂತೆ. ಅಂಚೆಯವನ ಗಾಡಿಯ ಸದ್ದು ಕೇಳಿದರೆ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಿದ್ದೆವು.

ಗೌರಿ ಹಬ್ಬದ ಹಿಂದಿನ ದಿನ. ಕನ್ನಡದ ಹೆಂಗಸರಿಗೆ ತಾಂಬೂಲ ಕೊಡಬೇಕೆಂದು ಛಾಯಾ ಇಂಡಿಯನ್ ಅಂಗಡಿಯಿಂದ ಎಲೆ ತಂದಿದ್ದಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ನೂರರ ಒಂದು ಕಟ್ಟು ಎಣಿಸಿಟ್ಟೆ. ದೀಪು ತಾನೂ ಎಣಿಸುತ್ತೇನೆ ಎಂದು ಅದನ್ನೇ ಬಿಚ್ಚಿ ಒಂದೊಂದಾಗಿ ಹಾಸಿದಳು.

"ಅಜ್ಜಿ, ಯು ಆರ್ ರಾಂಗ್. ಇಟ್ಸ್ ಒನ್ ಹಂಡ್ರೆಡ್ ಅಂಡ್ ಫೋರ್."

"ಅದು ಕೊಸರು ಮಗ" ಎಂದು ನಕ್ಕೆ. ನೂರು ಎಲೆಯಲ್ಲಿ ಒಂದೆರಡು ಹರಿದಿರುತ್ತದೆ, ತೂತಿರುತ್ತದೆ. ಗಿರಾಕಿಗೆ ಮೋಸವಾಗಬಾರದು ಎಂದು ಇಪ್ಪತ್ತೈದು ಸಲ ನಾಲ್ಕು ಹಾಕಿದ ಮೇಲೆ ಇನ್ನೊಂದು ನಾಲ್ಕು ಮೇಲೆ ಹಾಕುವುದು ನಮ್ಮ ಮನೆಯ ಪದ್ಧತಿ. ಅತ್ತೆ ಕಲಿಸಿದ್ದು. ಅದನ್ನು ಯೋಚಿಸಿ ಹಾಕುವುದಲ್ಲ, ಕೈ ತಾನಾಗಿ ಹೋಗುತ್ತದೆ. ನೂರು ಎಂದರೆ ನನ್ನ ಕೈಗೆ ನೂರ ನಾಲ್ಕು.

ಹಾಗೆ ಹೇಳುತ್ತಿದ್ದವಳು ಅರ್ಧಕ್ಕೆ ನಿಂತೆ. ಏಳು ಕಾಳು. ಏಳು ನಾಲ್ಕಲಿ ಇಪ್ಪತ್ತೆಂಟು.

ಹಬ್ಬ ಮುಗಿದ ಮೇಲೆ ಯಾರಿಗೂ ಹೇಳದೆ, ಮಗುವನ್ನು ಬಿಟ್ಟು ಬಂದು ಕಿಟಕಿಯ ಹಿಂದೆ ನಿಂತು ಒಂದು ಬೆಳಿಗ್ಗೆ ಸ್ವಲ್ಪ ಹೊತ್ತು ಎಣಿಸಿದೆ, ಕೈಯ ಮೇಲೆ ಕಣ್ಣಿಟ್ಟು. ನಿಜ. ಪ್ರತಿ ನೂರಕ್ಕೂ ಇಪ್ಪತ್ತಾರನೆಯ ಸಲ ಬೆರಳು ಹೋಗುತ್ತಿತ್ತು. ಮೇ ತಿಂಗಳಲ್ಲಿ ಹೋಗಿದ್ದು ಏಳುನೂರಲ್ಲ, ಏಳುನೂರ ಇಪ್ಪತ್ತೆಂಟು. ಗೆರೆ ಆಗಲೇ ದಾಟಿತ್ತು. ಪಂಕ್ತಿ ಮೊದಲೇ ತುಂಬಿತ್ತು.

ಸಭೆಗೆ ನಾಲ್ಕು ದಿನವಿತ್ತು. ಹೇಳಿದರೆ ಸಿಗ್ನಲ್ ಹೋಯಿತು. ಹೇಳದಿದ್ದರೆ, ನಾನು ಬೇರೆ ದೇಶದ ಸರ್ಕಾರದ ಮುಂದೆ ನಿಂತು, ಹೆಸರು ಕೊಟ್ಟು, ಸುಳ್ಳು ಹೇಳಬೇಕು. ಬೆಳಿಗ್ಗೆ ಸಂಗನಬಸಪ್ಪನವರ ಜೊತೆ ದಾಟುವಾಗ ಬಾಯಿಗೆ ಬರುತ್ತಿತ್ತು. ಅವರು ಸಿಗ್ನಲ್ಲಿನ ಕಂಬ ಎಲ್ಲಿ ನಿಲ್ಲಬೇಕು, ನನ್ನ ಹೆಜ್ಜೆಗೆ ಎಷ್ಟು ಸೆಕೆಂಡು ಇಡಿಸಬೇಕು ಎಂದು ತೋರಿಸುತ್ತಿದ್ದರು. ಹದಿನಾಲ್ಕು ಬೇಡ, ಹದಿನೆಂಟು ಇರಲಿ, ಮಳೆಯಲ್ಲಿ ನೀವು ನಿಧಾನ ಎಂದರು. ಬಾಯಿ ಮುಚ್ಚಿಕೊಂಡೆ.

ಸಭೆಗೆ ಛಾಯಾ ರಜೆ ಹಾಕಿ ನನ್ನ ಮಾತನ್ನು ಇಂಗ್ಲಿಷಿಗೆ ಹೇಳಲು ಬಂದಳು. ಅವಳಿಗೂ ಮನಸ್ಸಿರಲಿಲ್ಲ. ಕಾರಿನಲ್ಲಿ, "ಹೌದು ಅಂತ ಒಂದೇ ಮಾತು. ಜಾಸ್ತಿ ಮಾತಾಡ್ಬೇಡ, ಅಮ್ಮ. ಆಮೇಲೆ ಹೊರಟುಬಿಡೋಣ" ಎಂದಳು.

ಉದ್ದನೆಯ ಮೇಜು. ಹನ್ನೊಂದು ಜನ. ನಡುವೆ ಬೆಳ್ಳಿ ಕೂದಲಿನ ಹೆಂಗಸು, ಅಧ್ಯಕ್ಷೆ. ಕೊನೆಯಲ್ಲಿ ಸಂಗನಬಸಪ್ಪನವರು, ಕೋಟು ಟೈ ಹಾಕಿಕೊಂಡು ಬೇರೆ ಮನುಷ್ಯನ ಹಾಗೆ. ಮಾತಾಡುವವರ ಮುಂದೆ ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಸಿರು, ಹಳದಿ, ಕೆಂಪು ದೀಪ. ಮೂರು ನಿಮಿಷಕ್ಕೆ ಕೆಂಪು ಹತ್ತುತ್ತದೆ. ಮೈಕು ನನ್ನ ತಲೆಗಿಂತ ಎತ್ತರದಲ್ಲಿತ್ತು. ಬಿಲ್ಡರುಗಳ ಕಡೆಯ ಒಬ್ಬ ಯಜಮಾನರು ತಾವೇ ಎದ್ದು ಬಂದು ಅದನ್ನು ಬಗ್ಗಿಸಿ ನನ್ನ ಬಾಯಿಗೆ ಸರಿಮಾಡಿ ಹೋದರು. ಒಳ್ಳೆಯವರು. ಅದು ನನ್ನನ್ನು ಇನ್ನೂ ಹೆದರಿಸಿತು.

ಹೆಸರು ಕೇಳಿದರು. ಛಾಯಾ ಹೇಳಿದಳು. ಯಾರೋ ಬರೆದುಕೊಂಡರು, ನನ್ನ ಹೆಸರು ಕಂಪ್ಯೂಟರಿನ ಒಳಗೆ ಹೋಗುವ ಟಕಟಕ ಸದ್ದು ಕೇಳಿಸಿತು. ಈ ಎಣಿಕೆ ನೀವೇ ಮಾಡಿದ್ದೇ ಎಂದು ಅಧ್ಯಕ್ಷೆ ಕೇಳಿದರು. ಹೌದು ಎಂದೆ. ಏಳುನೂರು ಎನ್ನುವುದು ಖಚಿತವೇ ಎಂದರು.

ಹೌದು ಎನ್ನಲು ಬಾಯಿ ತೆರೆದೆ. ಹಸಿರು ದೀಪ ನನ್ನನ್ನೇ ನೋಡುತ್ತಿತ್ತು.

"ಅದು ಎಲೆಯ ನೂರು" ಎಂದೆ. "ನೂರಕ್ಕೆ ನಾಲ್ಕು ಕೊಸರು ಸೇರಿದೆ. ಏಳುನೂರ ಇಪ್ಪತ್ತೆಂಟು ಅಂತ ಬರ್ಕೊಳ್ಳಿ."

ಛಾಯಾ ನನ್ನ ಮುಂಗೈ ಹಿಡಿದಳು. "ಅಮ್ಮ, ಏನಂತಿದೀಯ? ಸುಮ್ನಿರು."

"ಹೇಳೇ" ಎಂದೆ.

ಅವಳು ಹೇಳಿದಳು. ವೀಳ್ಯದೆಲೆ ಎಂದರೇನು ಎನ್ನುವುದರಿಂದ ಶುರುಮಾಡಬೇಕಾಯಿತು ಪಾಪ. ಅವಳು ಮುಗಿಸುವಷ್ಟರಲ್ಲಿ ಹಳದಿ ಹತ್ತಿತ್ತು.

ಜನ ಆಮೇಲೆ ನನ್ನನ್ನು ಧೈರ್ಯಸ್ಥೆ ಎಂದರು. ಅದು ಧೈರ್ಯವಲ್ಲ. ಸುಳ್ಳು ಗೊತ್ತಾದರೆ ಮಗಳ ವೀಸಾ ಹೋಗುತ್ತದೆ, ಮೂವರನ್ನೂ ರಾತ್ರೋರಾತ್ರಿ ಹೊರಗೆ ಹಾಕುತ್ತಾರೆ ಎಂಬ ಹೆದರಿಕೆ. ಟಿಪ್ಪರಿನ ಹೆದರಿಕೆಗಿಂತ ಆ ಗಳಿಗೆಯಲ್ಲಿ ಅದು ದೊಡ್ಡದಾಗಿತ್ತು, ಅಷ್ಟೇ.

ಮೈಕು ಬಗ್ಗಿಸಿದ ಯಜಮಾನರು ಕಾಗದ ನೋಡಿ ಮೆಲ್ಲಗೆ ಏನೋ ಹೇಳಿದರು. ಈಗಲೇ ಮಿತಿ ಮೀರಿದ್ದರೆ ಇದು ಬಿಲ್ಡರುಗಳ ಪಟ್ಟಿಗೆ ಬರುವುದಿಲ್ಲ ಎಂದು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಆಗ ಸಂಗನಬಸಪ್ಪನವರು ಎದ್ದು ನಿಂತರು. ಅವರ ಇಂಗ್ಲಿಷ್ ಛಾಯಾ ನನ್ನ ಕಿವಿಯಲ್ಲಿ ಹೇಳಿದಳು. ಹಾಳೆ ನನ್ನದು, ಏಳುನೂರು ಎಂದು ಬರೆದವನು ನಾನು, ಆಕೆಯ ನೂರು ಎಷ್ಟು ಎಂದು ಕೇಳಬೇಕಾಗಿದ್ದದ್ದು ನನ್ನ ಕೆಲಸ, ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದವನು ಕೇಳಲಿಲ್ಲ, ತಪ್ಪು ನನ್ನ ಹೆಸರಿನಲ್ಲಿ ಬರೆದುಕೊಳ್ಳಿ. ಹಾಗೆಂದು, ನಮ್ಮ ಜಾಗವನ್ನು ಪಟ್ಟಿಯಿಂದ ತೆಗೆಯಬೇಕು ಎಂದು ತಾವೇ ಸೂಚಿಸಿ, ತಾವೇ ಮೊದಲು ಕೈ ಎತ್ತಿದರು. ಹನ್ನೊಂದೂ ಕೈ ಮೇಲೆದ್ದವು.

ಮಾರನೆಯ ಬೆಳಿಗ್ಗೆ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಹನ್ನೆರಡು ದಿನ ನಾನೂ ದೀಪುವೂ ಇಬ್ಬರೇ ದಾಟಿದೆವು. ಕೋಪ ಬಂದಿದೆ, ಬರಬೇಕಾದ್ದೇ ಎಂದುಕೊಂಡೆ. ಮನೆಗೆ ಹೋಗಿ ಕೇಳಲು ಮುಖವಿರಲಿಲ್ಲ. ಮಂಜು ಮುಸುಕಿದ ಒಂದು ದಿನ ತಿರುವೇ ಕಾಣಿಸಲಿಲ್ಲ. ಬದಿಯಲ್ಲಿ ನಿಂತು ಮಗುವಿಗೆ "ಕಿವಿ ಕೊಡು, ಕಿವಿ ಕೊಡು" ಎನ್ನುತ್ತ ಇಪ್ಪತ್ತು ನಿಮಿಷ ದಾಟದೆ ನಿಂತೆವು. ಸ್ಕೂಲಿನವರು ತಡವಾಯಿತೆಂದು ಚೀಟಿ ಕಳಿಸಿದರು.

ಹದಿಮೂರನೆಯ ದಿನ ಒಂದು ಲಕೋಟೆ ಬಂತು. ಮೇಲೆ ಊರಿನ ಮುದ್ರೆ, ಒಳಗೆ ದಪ್ಪ ಕಾಗದ. ನನ್ನ ಹೆಸರಿಗೆ. ಈ ದೇಶದಲ್ಲಿ ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು. ಛಾಯಾ ಅದನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು. ನಿರಂಜನನಿಗೆ ಫೋನು ಮಾಡಿದಳು, ಶುಕ್ರವಾರದವರೆಗೆ ತೆರೆಯಬೇಡ, ಬಂದು ನೋಡುತ್ತೇನೆ ಎಂದ ಅವನು. ನಾನು ನನ್ನ ಸೀರೆಗಳನ್ನು ಮಡಿಸಿ ಪೆಟ್ಟಿಗೆಯ ಒಂದು ಬದಿಗೆ ಇಡತೊಡಗಿದೆ.

ಆ ಸಂಜೆ ಬಾಗಿಲು ಬಡಿದದ್ದು ಸಂಗನಬಸಪ್ಪನವರು. ಇಳಿದುಹೋಗಿದ್ದರು, ಕೋಟು ಹೆಗಲ ಮೇಲೆ ನೇತುಹಾಕಿದ ಹಾಗಿತ್ತು. ಕೋಪವಲ್ಲ, ಆಸ್ಪತ್ರೆ. ಹೃದಯದ ಕವಾಟ ಕೆಟ್ಟಿದೆ, ನವೆಂಬರಿನಲ್ಲಿ ಆಪರೇಷನ್ ಎಂದರು. ನಾನು ತಪ್ಪಾಯಿತು ಎಂದು ಶುರುಮಾಡಿದೆ. ಅವರು ಕೈ ಅಡ್ಡ ಮಾಡಿ ಲಕೋಟೆ ನೋಡಿದರು.

"ತಗೀರಿ. ಇದು ಬರ್ತೈತಂತ ನನಗ ಗೊತ್ತಿತ್ತು."

ಯಾರೂ ತೆರೆಯಲಿಲ್ಲ. ಅವರೇ ತೆರೆದರು. ಅದು ಸಭೆಯ ನಡಾವಳಿ. ಮಾತಾಡಿದ ಎಲ್ಲರಿಗೂ ಒಂದು ಪ್ರತಿ ಕಳಿಸುತ್ತಾರಂತೆ. ವೀಸಾ, ಗೀಸಾ ಒಂದು ಅಕ್ಷರವಿಲ್ಲ. ಛಾಯಾ ಕುರ್ಚಿಯಲ್ಲಿ ಕುಸಿದು ಅಳುತ್ತ ನಕ್ಕಳು. ಅವರು ಮಾತ್ರ ಒಂದು ಸಾಲಿನ ಕೆಳಗೆ ಉಗುರಿನಿಂದ ಗೆರೆ ಎಳೆದು ಎರಡು ಸಲ ಓದಿದರು. ಈ ಜಾಗ ಈಗಾಗಲೇ ಮಿತಿ ಮೀರಿದೆ ಎಂದು ಊರೇ ತನ್ನ ಕಾಗದದಲ್ಲಿ ಬರೆದುಕೊಂಡಿತ್ತು.

"ನಾಕು ವರ್ಷ ಬಡಕೊಂಡೆ ನಾ, ಒಬ್ಬರೂ ಬರೀಲಿಲ್ಲ" ಎಂದರು. ಬಿಲ್ಡರುಗಳ ದುಡ್ಡು ಬರುವುದಿಲ್ಲ, ನಿಜ. ಆದರೆ ಏಪ್ರಿಲ್‌ನಲ್ಲಿ ಊರಿನ ಬಜೆಟ್ ಸಭೆ. ಅಪಾಯವಿದೆ ಎಂದು ಬರೆದುಕೊಟ್ಟವರು ಸುಮ್ಮನೆ ಕೂತರೆ ನಾಳೆ ಏನಾದರೂ ಆದಾಗ ಉತ್ತರ ಹೇಳಬೇಕಾಗುತ್ತದೆ. ಮಾಡುತ್ತಾರೆ ಎಂದು ಅವರು ಹೇಳಲಿಲ್ಲ. ಹೊಸ ಎಣಿಕೆಯ ಹಾಳೆ ಮುಂದಿಟ್ಟು ಕೇಳಬಹುದು ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು ಎಂದರು. ಒಂಬತ್ತನೆಯ ದಿನ ಹೋದರು. ಮಣ್ಣಿಗೆ ಒಯ್ಯುವಾಗ ಅವರ ಹಿಂದೆ ಇಪ್ಪತ್ಮೂರು ಕಾರು ದೀಪ ಹಾಕಿಕೊಂಡು ನಮ್ಮ ರಸ್ತೆಯಲ್ಲೇ ಹೋದವು, ಇಲ್ಲಿನ ಪದ್ಧತಿಯಂತೆ ಎದುರಿನ ವಾಹನಗಳೆಲ್ಲ ನಿಂತವು. ಒಂದು ಟಿಪ್ಪರೂ ನಿಂತಿತು. ದೀಪು ನನ್ನ ಕೈ ಹಿಡಿದು ಬದಿಯಲ್ಲಿ ನಿಂತು ಅದರ ಡ್ರೈವರನ್ನೇ ನೋಡುತ್ತಿದ್ದಳು.

ಈಗ ಫೆಬ್ರವರಿ. ರಸ್ತೆ ಹಾಗೇ ಇದೆ, ಅಂಚಿನಲ್ಲಿ ಹಿಮ ರಾಶಿಹಾಕಿ ಇನ್ನೂ ಕಿರಿದಾಗಿದೆ. ದಾಟಲು ನನಗೆ ಹದಿನೇಳು ಬೇಕು. ಎಕ್ಸ್‌ಟೆನ್ಷನ್ನಿನ ಉತ್ತರ ಬಂದಿಲ್ಲ. ಮಾರ್ಚ್ ಇಪ್ಪತ್ತಕ್ಕೆ ಟಿಕೆಟ್ ಆಗಿದೆ. ಎಣಿಕೆಯ ಯಂತ್ರ ದೇವರ ಗೂಡಿನ ಪಕ್ಕದಲ್ಲಿದೆ. ಲಕೋಟೆ ತೆರೆದ ಆ ಸಂಜೆ ಹೊರಡುವಾಗ ಅವರೇ ಕೋಟಿನ ಜೇಬಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟಿದ್ದರು. ಗುಂಡಿಗೆ ಎಣ್ಣೆ ಬಿಟ್ಟಿದ್ದರು, ಹೆಬ್ಬೆರಳು ಇಟ್ಟರೆ ಸಾಕು, ಒತ್ತಿಕೊಳ್ಳುತ್ತಿತ್ತು. ನನಗೆ ಮತ್ತೆ ಆ ಕುರ್ಚಿಯಲ್ಲಿ ಕೂರಲು ಹೆದರಿಕೆ ಎಂದೆ. ತಮಗೂ ಹೆದರಿಕೆಯೇ, ಎಂದು ಎದೆ ಮುಟ್ಟಿಕೊಂಡರು. ಬಾಗಿಲಲ್ಲಿ ಶೂ ಹಾಕಿಕೊಳ್ಳಲು ಗೋಡೆ ಹಿಡಿದು ನಿಂತು, ಉಸಿರು ತೆಗೆದುಕೊಂಡು ಹೇಳಿದರು:

"ನೀವು ಊರಿಗೆ ಹೋಗೂಕಿಂತ ಮೊದಲ ಮತ್ತ ಮೂರು ದಿನ ಎಣಿಸ್ರಿ, ಅಕ್ಕಾರ. ಮಂಗಳವಾರ, ಬುಧವಾರ, ಗುರುವಾರ. ಸಾಲಿ ಸೂಟಿ ಬೀಳೂದ್ರೊಳಗ. ಈ ಸಲ ಕೊಸರು ಹಾಕಬ್ಯಾಡ್ರಿ."